ತಪಸ್ಸುಕಾಲ ಅರ್ಧ ಮುಗಿಯಿತು, ಭಕ್ತಿ ಬರುತ್ತಿಲ್ಲ

ಪ್ರಶ್ನೆ: ನಾನು ಹಾಸನದ ಕಡೆಯವಳು, ಬೆಂಗಳೂರಿನಲ್ಲಿ ನರ್ಸ್. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡೆ, ಮಾಂಸ ಬಿಟ್ಟೆ, ಅಷ್ಟೇ. ಜಪಸರ ಹಿಡಿದರೆ ಬಾಯಿ ಆಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ನೈಟ್ ಶಿಫ್ಟ್‌ನಲ್ಲಿ ಉಪವಾಸ ಆಗುವುದಿಲ್ಲ. ಫಾದರ್ ಹತ್ತಿರ ತಪ್ಪುಗಳನ್ನು ಹೇಳಿಕೊಂಡು ಪಾಪನಿವೇದನೆ ಮಾಡಿ ಎಷ್ಟೋ ವರ್ಷ ಆಯಿತು, ಈಗ ಹೋದರೆ ಫಾದರ್ ಏನಂದುಕೊಳ್ಳುತ್ತಾರೋ ಅಂತ ನಾಚಿಕೆ. ಏನು ಮಾಡಲಿ?

ಉತ್ತರ: ಮೊದಲು ಪಾಪನಿವೇದನೆಗೆ ಹೋಗಿ. ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ, ಆದರೆ ನಿಮ್ಮನ್ನು ತಡೆದು ನಿಲ್ಲಿಸಿರುವುದು ಅದೇ ಅಂತ ನನಗನ್ನಿಸುತ್ತದೆ. ಭಕ್ತಿ ಬರಲಿ, ಆಮೇಲೆ ಹೋಗೋಣ ಅಂತ ಕಾಯುತ್ತಾ ಕೂತರೆ ವರ್ಷಗಳು ಹೀಗೇ ಹೋಗುತ್ತವೆ.

ಹೋಗುವ ಹಿಂದಿನ ರಾತ್ರಿ ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯ ಓದಿ. ಅಲ್ಲಿ ಯೇಸು ಹೇಳುವ ಕಥೆಯಲ್ಲಿ ಮನೆ ಬಿಟ್ಟು ಹೋದ ಮಗ ಏನು ಹೇಳಬೇಕು ಅಂತ ಮೊದಲೇ ಯೋಚಿಸಿಟ್ಟುಕೊಂಡು ಬರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ, ನನ್ನನ್ನು ಕೂಲಿಯವನಂತೆ ಇಟ್ಟುಕೋ ಅನ್ನುವ ಮಾತು ಮಗನ ಬಾಯಿಗೆ ಬರುವ ಮೊದಲೇ ಒಳ್ಳೆ ಅಂಗಿ ತನ್ನಿ ಅನ್ನುತ್ತಾನೆ. "ತುಂಬಾ ವರ್ಷ ಆಯಿತು ಫಾದರ್, ಹೇಗೆ ಹೇಳಬೇಕೋ ಮರೆತಿದೆ" ಅಂದರೆ ಸಾಕು, ಉಳಿದದ್ದನ್ನು ಅವರೇ ಕೇಳಿ ನಡೆಸುತ್ತಾರೆ. ನಿಮ್ಮ ಚರ್ಚಿನಲ್ಲಿ ಮುಜುಗರ ಆದರೆ ಬೇರೆ ಚರ್ಚಿಗೆ ಹೋಗಿ, ತಪ್ಪೇನಿಲ್ಲ. ಕೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ. ಬೇಕೆಂದೇ ಹೊರಗೆ ಹೇಳಿದ ಫಾದರ್‌ಗೆ ಕಥೋಲಿಕ ಧರ್ಮಸಭೆಯಿಂದ ಬಹಿಷ್ಕಾರವೇ ಶಿಕ್ಷೆ.

ಉಪವಾಸದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 18ರಿಂದ 59 ವರ್ಷದವರಿಗೆ ಕಡ್ಡಾಯ ಇರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ರಾತ್ರಿಯಿಡೀ ರೋಗಿಗಳನ್ನು ನೋಡಿಕೊಳ್ಳುವವರು ತಲೆಸುತ್ತಿ ಬೀಳಲಿ ಅಂತ ಯಾರೂ ಕೇಳುವುದಿಲ್ಲ. ಆದರೆ ಮಟನ್ ಬಿಟ್ಟು ಅದೇ ದುಡ್ಡಿಗೆ ಅಂಜಲ್ ಮೀನು ತಂದು ತಿಂದರೆ ಏನು ಬಿಟ್ಟಂತಾಯಿತು ಹೇಳಿ? ಹಸಿದವನ ಜೊತೆ ನಿನ್ನ ಅನ್ನ ಹಂಚಿಕೋ, ಅದೇ ನಾನು ಮೆಚ್ಚುವ ಉಪವಾಸ ಅಂತ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರೇ ಹೇಳುತ್ತಾರೆ. ನಿಮ್ಮ ವಾರ್ಡಿನ ಹೊರಗೆ ರೋಗಿಗಳ ಕಡೆಯವರು ಊಟವಿಲ್ಲದೆ ಮಲಗಿರುತ್ತಾರೆ ಅಲ್ವಾ, ಉಳಿದ ದುಡ್ಡು ಅವರಿಗೆ ಹೋಗಲಿ.

ಇನ್ನು ಮನಸ್ಸು ಒಣಗಿರುವ ವಿಷಯ. ಕೋಲ್ಕತ್ತದ ಮದರ್ ತೆರೇಸಾ ಹತ್ತಾರು ವರ್ಷ ಹೀಗೇ ಕತ್ತಲಲ್ಲಿ ಪ್ರಾರ್ಥಿಸಿದವರು. ಅವರು ತೀರಿಹೋದ ಹತ್ತು ವರ್ಷಕ್ಕೆ, 2007ರಲ್ಲಿ ಅವರ ಪತ್ರಗಳು ಹೊರಬಂದಾಗಲೇ ಬಹಳ ಜನಕ್ಕೆ ಇದು ಗೊತ್ತಾದದ್ದು. ಏನೂ ಅನ್ನಿಸದಿದ್ದರೂ ಅವರು ಪ್ರಾರ್ಥನೆ ಬಿಡಲಿಲ್ಲ, ಬಡವರನ್ನೂ ಬಿಡಲಿಲ್ಲ. ಹಾಗಾಗಿ ಏನೂ ಅನ್ನಿಸುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಪ್ರಾರ್ಥನೆ ಸುಳ್ಳು ಅಂದುಕೊಳ್ಳಬೇಡಿ. ಇಡೀ ಜಪಸರ ಆಗದಿದ್ದರೆ ಬಸ್ಸಿನಲ್ಲಿ ಬೈಬಲಿನ 51ನೇ ಕೀರ್ತನೆ ನಿಧಾನವಾಗಿ ಓದಿ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು 14 ಸ್ಥಳಗಳಲ್ಲಿ ನಿಂತು ನೆನೆಯುವ ಶುಕ್ರವಾರದ ಶಿಲುಬೆ ಹಾದಿಗೆ ಹೋಗಲು ಆಗದಿದ್ದರೆ, ಅದರಲ್ಲಿ ಆರನೆಯದೊಂದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವೆರೋನಿಕಾ ಯೇಸುವಿನ ಮುಖ ಒರೆಸುವ ಸ್ಥಳ ಅದು. ಯೇಸುವಿನ ಜೀವನ ಹೇಳುವ ಶುಭಸಂದೇಶಗಳಲ್ಲಿ ಅವಳ ಹೆಸರಿಲ್ಲ, ಆದರೂ ಜನ ಶತಮಾನಗಳಿಂದ ಅವಳನ್ನು ನೆನೆಯುತ್ತಿದ್ದಾರೆ. ಜ್ವರದಲ್ಲಿರುವ ರೋಗಿಯ ಮುಖ ಒರೆಸುವಾಗ ಅವಳನ್ನು ನೆನೆಯಿರಿ. ನೀವು ದಿನಾ ಮಾಡುವ ಕೆಲಸವೇ ಅದು. ಅದನ್ನು ದೇವರಿಗೆ ಅಂತ ಒಂದು ಮಾತು ಹೇಳಿ ಮಾಡಿ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಪಾಪನಿವೇದನೆಗೆ ದೊಡ್ಡ ಸಾಲು ಇರುತ್ತದೆ, ಫಾದರ್‌ಗೂ ಬಿಡುವಿರುವುದಿಲ್ಲ. ಈ ವಾರವೇ ಶಿಫ್ಟ್ ಇಲ್ಲದ ಒಂದು ದಿನ, ಸಂಜೆ ಪೂಜೆಗೆ ಅರ್ಧ ಗಂಟೆ ಮೊದಲೇ ಹೋಗಿಬಿಡಿ.