ವಿದೇಶಾಂಗ ನೀತಿಯ ವಾದದಲ್ಲಿ ನಿಮ್ಮ ದೇಶಪ್ರೇಮವನ್ನು ಸಾಬೀತುಪಡಿಸಲು ಹೋಗಬೇಡಿ

ಹೊರದೇಶಗಳ ಯುದ್ಧಗಳಿಗೆ ಅಮೆರಿಕ ಕೊಡುತ್ತಿರುವ ಶಸ್ತ್ರಾಸ್ತ್ರ ನೆರವನ್ನು ಪ್ರಶ್ನಿಸಿದ್ದಕ್ಕೆ, ಪ್ರಮಾಣವಚನ ಸ್ವೀಕರಿಸಿ ಪೌರರಾದವರು ಹೀಗೆ ಮಾತನಾಡುವುದು ದೇಶಪ್ರೇಮವಲ್ಲ ಎಂದು ನಿಮ್ಮ ಚಿಕ್ಕಪ್ಪ ಹೇಳಿದರು; ಅವರನ್ನು ಒಪ್ಪಿಸುವ ಪುರಾವೆ ಯಾವುದು, ಇಲ್ಲವಾದರೆ ಮನೆಯಲ್ಲಿ ಚುನಾವಣೆಯ ಮಾತನ್ನೇ ಬಿಟ್ಟುಬಿಡಬೇಕೇ ಎಂದು ನೀವು ಕೇಳಿದ್ದೀರಿ. ಅಂಥ ಪುರಾವೆ ಇಲ್ಲ, ಮಾತು ಬಿಡುವುದೂ ಬೇಡ. 2004ರಲ್ಲಿ ನಾನು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೆ. ಪೌರತ್ವ ಸಿಕ್ಕು ಹೆಚ್ಚು ಕಾಲವಾಗಿರಲಿಲ್ಲ, ಅದೇ ನನ್ನ ಮೊದಲ ಅಧ್ಯಕ್ಷೀಯ ಚುನಾವಣೆ, ಮತ್ತು ಪುರಾವೆಗಳು ನನ್ನ ಬಳಿ ಬೇಕಾದಷ್ಟಿದ್ದವು.

ನನ್ನ ಅಕ್ಕ ಮತ್ತು ಭಾವ ಅಲ್ಲಿಂದ ಒಂದು ಗಂಟೆಯ ದಾರಿಯ ಸಣ್ಣ ಊರಿನಲ್ಲಿದ್ದರು. ಭಾವ ವೈದ್ಯರು, 1980ರ ದಶಕದಲ್ಲಿ ಮೈಸೂರಿನಿಂದ ಬಂದವರು. ಆ ಊರಿನಲ್ಲಿ ಕನ್ನಡದವರೆಂದರೆ ಅವರ ಮನೆಯವರಷ್ಟೇ. ನಾನು ಆ ದೇಶಕ್ಕೆ ಬಂದಿಳಿದಾಗ ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋದವರು, ಕಾರು ಓಡಿಸಲು ಕಲಿಸಿದವರು, ಮೊದಲ ಬಾಡಿಗೆ ಮನೆಗೆ ಜಾಮೀನು ನಿಂತವರು ಅವರೇ. ಅವರು ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಬುಷ್ ಪರವಾಗಿದ್ದರು, ನಾನು ಡೆಮಾಕ್ರಟಿಕ್ ಪಕ್ಷದ ಕೆರ್‍ರಿ ಪರವಾಗಿದ್ದೆ. ಒಹಾಯೊದಲ್ಲಿ ಆ ವರ್ಷ ಇದು ಸಣ್ಣ ವಿಷಯವಾಗಿರಲಿಲ್ಲ. ಕೊನೆಗೆ ಬುಷ್ ಆ ರಾಜ್ಯವನ್ನು ಗೆದ್ದದ್ದು ಸುಮಾರು 1,18,000 ಮತಗಳ ಅಂತರದಿಂದ. ಅಧ್ಯಕ್ಷರನ್ನು ಆರಿಸಲು ಆ ರಾಜ್ಯಕ್ಕಿದ್ದ 20 ಎಲೆಕ್ಟೋರಲ್ ಮತಗಳು ಇತ್ತ ಬಂದಿದ್ದರೆ ಅಧ್ಯಕ್ಷರೇ ಬೇರೆಯಾಗುತ್ತಿದ್ದರು. ಪ್ರತಿದಿನವೂ ಮನೆಯ ಫೋನು ಪ್ರಚಾರದ ಕರೆಗಳಿಂದ ತುಂಬಿರುತ್ತಿತ್ತು, ಕಾರುಗಳ ಹಿಂಬದಿಯಲ್ಲಿ ಸೈನಿಕರನ್ನು ಬೆಂಬಲಿಸಿರೆಂಬ ಹಳದಿ ರಿಬ್ಬನ್ನಿನ ಆಕಾರದ ಆಯಸ್ಕಾಂತದ ಪಟ್ಟಿಗಳಿರುತ್ತಿದ್ದವು, ಮತ್ತು ತಾವು ಹಾಕುವ ಒಂದೊಂದು ಮತವೂ ಇರಾಕಿನ ಯುದ್ಧದ ತೀರ್ಪು ಎಂದು ಎರಡೂ ಪಕ್ಷದವರು ನಂಬಿದ್ದರು.

ನಾನು ಹೇಳುತ್ತಿದ್ದುದು ಇಷ್ಟು. 2003ರ ಫೆಬ್ರುವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇರಾಕಿನ ಶಸ್ತ್ರಾಸ್ತ್ರಗಳ ಬಗ್ಗೆ ಹೇಳಿದ್ದು ನಿಲ್ಲಲಿಲ್ಲ. ಚುನಾವಣೆಗೆ ಇನ್ನೂ ಒಂದು ತಿಂಗಳೂ ಉಳಿದಿರದಿದ್ದಾಗ ಬಂದ, ಇರಾಕಿನಲ್ಲಿ ಅಸ್ತ್ರಗಳನ್ನು ಹುಡುಕಿದ ಅಮೆರಿಕದ ತಂಡದ ಡೆಲ್ಫರ್ ವರದಿ, ಅಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ಹೇಳಿತು. ಸೆಪ್ಟೆಂಬರಿನಲ್ಲಿಯೇ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ ಸಾವಿರ ದಾಟಿತ್ತು. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕನ್ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳನ್ನು ಜಗತ್ತೇ ನೋಡಿತ್ತು. ಪೌರತ್ವದ ಪ್ರಮಾಣವಚನದಲ್ಲಿ ನಾವು ಸಂವಿಧಾನವನ್ನು ರಕ್ಷಿಸುವುದಾಗಿ ಹೇಳಿದ್ದೇವೆಯೇ ಹೊರತು ಅಧ್ಯಕ್ಷರನ್ನಲ್ಲ ಎಂದೂ ನಾನು ವಾದಿಸುತ್ತಿದ್ದೆ. ಈ ಯಾವ ಮಾತನ್ನೂ ನಾನು ಇಂದಿಗೂ ಹಿಂದೆಗೆದುಕೊಳ್ಳುವುದಿಲ್ಲ.

ಆದರೆ ಭಾವನವರು ಕೂಡ ಬರಿಗೈಯಲ್ಲಿ ವಾದಕ್ಕೆ ಇಳಿದವರಲ್ಲ. ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯವನ್ನು 2002ರ ಅಕ್ಟೋಬರಿನಲ್ಲಿ ಸೆನೆಟ್ 77–23 ಮತಗಳಿಂದ ಅಂಗೀಕರಿಸಿದಾಗ ಆ 77ರಲ್ಲಿ ಕೆರ್‍ರಿಯೂ ಇದ್ದರು, ಅವರ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಎಡ್ವರ್ಡ್ಸ್ ಕೂಡ ಇದ್ದರು ಎಂಬುದನ್ನು ಅವರು ನೆನಪಿಸುತ್ತಿದ್ದರು. 2004ರ ಆಗಸ್ಟಿನಲ್ಲಿ, ಈಗ ಗೊತ್ತಿರುವುದೆಲ್ಲ ಆಗಲೇ ಗೊತ್ತಿದ್ದರೂ ಆ ಅಧಿಕಾರಕ್ಕೆ ಮತ ಹಾಕುತ್ತಿದ್ದೆ ಎಂದು ಕೆರ್‍ರಿ ಹೇಳಿದಾಗ ನನಗೆ ಉತ್ತರವೇ ಇರಲಿಲ್ಲ. ಇನ್ನೊಂದು ಮಾತನ್ನೂ ಅವರು ಎತ್ತುತ್ತಿದ್ದರು. ಉದ್ಯೋಗಗಳನ್ನು ಹೊರದೇಶಕ್ಕೆ ಸಾಗಿಸುವ ಕಂಪನಿಗಳ ಮುಖ್ಯಸ್ಥರನ್ನು ಕೆರ್‍ರಿ ಪ್ರಚಾರದಲ್ಲಿ ಬೆನೆಡಿಕ್ಟ್ ಆರ್ನಾಲ್ಡ್‌ಗೆ, ಎಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ಸೇರಿದ ಸೇನಾಧಿಕಾರಿಗೆ, ಹೋಲಿಸಿದ್ದರು. “ಬೆಂಗಳೂರಿಗೆ ಕೆಲಸ ಕಳಿಸುವುದು ದೇಶದ್ರೋಹ ಎನ್ನುವವರಿಗೆ ನೀನು ಮತ ಹಾಕುತ್ತೀಯಲ್ಲಪ್ಪ” ಎಂದು ಅವರು ಕೇಳಿದರೆ, ಬೆಂಗಳೂರಿನ ತಂಡದೊಂದಿಗೆ ದಿನವೂ ಕೆಲಸ ಮಾಡುತ್ತಿದ್ದ ನಾನು ವಿಷಯ ಬದಲಾಯಿಸುತ್ತಿದ್ದೆ.

ಈ ದೇಶಪ್ರೇಮದ ಪರೀಕ್ಷೆಯನ್ನು ಆ ವರ್ಷ ಎರಡೂ ಪಕ್ಷಗಳು ನಡೆಸಿದವು, ಮತ್ತು ಅದಕ್ಕೆ ಕುಳಿತವರಿಗೆಲ್ಲ ನಷ್ಟವೇ ಆಯಿತು ಎಂಬುದು ನನ್ನ ದೃಢ ಅಭಿಪ್ರಾಯ. ಬಾಸ್ಟನ್ನಿನಲ್ಲಿ ನಡೆದ ತಮ್ಮ ಪಕ್ಷದ ಸಮಾವೇಶದಲ್ಲಿ ಕೆರ್‍ರಿ ಸೆಲ್ಯೂಟ್ ಹೊಡೆದು, ಕರ್ತವ್ಯಕ್ಕೆ ಹಾಜರಾಗಿದ್ದೇನೆ ಎಂದು ಭಾಷಣ ಆರಂಭಿಸಿದರು. ವಿಯೆಟ್ನಾಂನಲ್ಲಿ ಅವರಿಗೆ ಬಂದ ಸಿಲ್ವರ್ ಸ್ಟಾರ್, ಬ್ರಾಂಜ್ ಸ್ಟಾರ್, ಗಾಯಗೊಂಡವರಿಗೆ ಕೊಡುವ ಮೂರು ಪರ್ಪಲ್ ಹಾರ್ಟ್ ಪದಕಗಳೇ ಅವರ ಪ್ರಚಾರದ ಬೆನ್ನೆಲುಬಾದವು. ಒಂದೆರಡು ವಾರಗಳಲ್ಲಿಯೇ ಅವರು ವಿಯೆಟ್ನಾಂನಲ್ಲಿ ನಡೆಸಿದ್ದಂಥ ಸ್ವಿಫ್ಟ್ ಎಂಬ ಗಸ್ತು ದೋಣಿಗಳ ಮಾಜಿ ಯೋಧರ ಗುಂಪೊಂದು ಅದೇ ಪದಕಗಳ ಮೇಲೆ ಸಂಶಯ ಎಬ್ಬಿಸುವ ಜಾಹೀರಾತುಗಳನ್ನು ಹರಿಯಬಿಟ್ಟಿತು. 1971ರ ಏಪ್ರಿಲ್‌ನಲ್ಲಿ ಸೆನೆಟ್ಟಿನ ವಿದೇಶಾಂಗ ಸಮಿತಿಯ ಮುಂದೆ ಯುದ್ಧದ ವಿರುದ್ಧ ಅವರು ನೀಡಿದ್ದ ಸಾಕ್ಷ್ಯವನ್ನು ದ್ರೋಹದ ಗುರುತಾಗಿ ತೋರಿಸಿತು. ನೌಕಾಪಡೆಯ ಕಡತಗಳು ಕೆರ್‍ರಿ ಪರವಾಗಿಯೇ ಇದ್ದವು. ಆದರೂ ಆಗಸ್ಟ್ ಪೂರ್ತಿ ದೇಶವು ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಮೂವತ್ತೈದು ವರ್ಷಗಳ ಹಿಂದೆ ಏನಾಯಿತೆಂದು ಚರ್ಚಿಸಿತು, ಬಾಗ್ದಾದಿನಲ್ಲಿ ಆಗ ಏನಾಗುತ್ತಿದೆ ಎಂದು ಚರ್ಚಿಸಲಿಲ್ಲ. ನೀವು ನಿಮ್ಮ ದೇಶಪ್ರೇಮಕ್ಕೆ ಪ್ರಮಾಣಪತ್ರ ತೋರಿಸಲು ಹೊರಟರೆ ಆಗುವುದು ಇದೇ. ಮಾತು ನಿಮ್ಮ ಮೇಲೆ ಬರುತ್ತದೆ, ನೀತಿ ಪಾರಾಗುತ್ತದೆ.

ಇನ್ನು ನನಗೆ ನಷ್ಟ ತಂದ ಸಂಗತಿಯನ್ನು ಹೇಳುತ್ತೇನೆ. ಅದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡಿದರೆ ಅದು ಸಿಟ್ಟಿನಲ್ಲಿ ಆಡಿದ ಒಂದು ಮಾತಿನಂತೆ ಕಾಣುತ್ತದೆ.

ಅದು ಆ ವರ್ಷದ ನವರಾತ್ರಿ, ಅಕ್ಟೋಬರ್ ತಿಂಗಳ ನಡುಭಾಗ. ಅಕ್ಕ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಿನಲ್ಲಿಟ್ಟು, ಕೆಳಗಿನ ಮೆಟ್ಟಿಲುಗಳಲ್ಲಿ ಅಂಬಾರಿಯ ಆನೆ, ಸೆಟ್ಟಿ ದಂಪತಿಯ ಅಂಗಡಿ, ಮಗಳು ಶಾಲೆಯಲ್ಲಿ ಮಾಡಿದ್ದ ಕಾಗದದ ಮನೆಗಳನ್ನು ಜೋಡಿಸಿದ್ದಳು. ಕೊಲಂಬಸ್ ಮತ್ತು ಡೇಟನ್‌ನಿಂದ ಕೆಲವು ಕನ್ನಡ ಕುಟುಂಬಗಳು ಬಂದಿದ್ದವು. ಉಸಲಿಯ ತಟ್ಟೆಗಳು ಕೈಯಲ್ಲಿರುವಾಗಲೇ ಚುನಾವಣೆಯ ಮಾತು ಬಂತು. ನಾನು ಡೆಲ್ಫರ್ ವರದಿಯ ಮುಖ್ಯ ಭಾಗಗಳನ್ನು ಆಫೀಸಿನ ಪ್ರಿಂಟರಿನಲ್ಲಿ ತೆಗೆದು, ಗುರುತು ಹಾಕಿ ತಂದಿದ್ದೆ. ಭಾವ ಅದನ್ನು ತಿರುವಿ ನೋಡಿ ಬದಿಗಿಟ್ಟು, “ನನ್ನಲ್ಲಿಗೆ ಬರುವವರ ಮಕ್ಕಳು ಅಲ್ಲಿದ್ದಾರೆ. ಅವರು ಅಲ್ಲಿರುವಾಗ ಅಧ್ಯಕ್ಷರು ಸುಳ್ಳುಗಾರ ಎನ್ನುವುದು ದೇಶಪ್ರೇಮವಲ್ಲ” ಎಂದರು. ಆಗ ನಾನು, “ನಿಮ್ಮ ಕ್ಲಿನಿಕ್ಕಿನ ಬಾಗಿಲಲ್ಲಿರುವ ಬಾವುಟ ಕೂಡ ದೇಶಪ್ರೇಮದ್ದಲ್ಲ ಭಾವ, ಭಯದ್ದು. ಸೋಧಿಯವರನ್ನು ಕೊಂದ ವಾರ ತಾನೇ ನೀವು ಅದನ್ನು ಕಟ್ಟಿದ್ದು?” ಎಂದೆ.

ಬಲಬೀರ್ ಸಿಂಗ್ ಸೋಧಿಯವರನ್ನು 2001ರ ಸೆಪ್ಟೆಂಬರ್ 15ರಂದು, ನ್ಯೂಯಾರ್ಕಿನ ಅವಳಿ ಗೋಪುರಗಳು ಉಗ್ರರ ದಾಳಿಗೆ ಉರುಳಿದ ನಾಲ್ಕನೆಯ ದಿನ, ಅರಿಜೋನಾದ ಮೆಸಾ ಎಂಬಲ್ಲಿ ಅವರದೇ ಪೆಟ್ರೋಲ್ ಬಂಕಿನ ಮುಂದೆ ಗುಂಡಿಟ್ಟು ಕೊಂದರು. ಪೇಟ ಮತ್ತು ಗಡ್ಡ ನೋಡಿ ಅವರನ್ನು ಅರಬರೆಂದು ತಿಳಿದವನು ಕೊಂದವನು. ಆ ದಿನಗಳಲ್ಲಿ ದೇಶದುದ್ದಕ್ಕೂ ನಮ್ಮ ಬಣ್ಣದ ಜನ ಅಂಗಡಿ, ಕಾರು, ಮನೆಗಳ ಮೇಲೆ ಬಾವುಟ ಏರಿಸಿದರು. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

ತಪ್ಪು ಎಲ್ಲಿತ್ತೆಂದು ನಾನು ಬಹಳ ಕಾಲ ತಪ್ಪಾಗಿಯೇ ತಿಳಿದಿದ್ದೆ. ಹತ್ತು ಜನರ ಮುಂದೆ, ಅವರ ಮಗಳ ಮುಂದೆ ಹೇಳಬಾರದಿತ್ತು ಎಂದುಕೊಂಡೆ. ಅದು ನಿಜ, ಆದರೆ ಅಷ್ಟೇ ಅಲ್ಲ. ಇರಾಕಿನ ಮಾತನ್ನು ಬಿಟ್ಟು ಮನುಷ್ಯನ ಒಳಗಿನ ಕಾರಣಕ್ಕೆ ಕೈ ಹಾಕಿದೆ ಎಂದುಕೊಂಡೆ. ಅದೂ ನಿಜ, ಯಾಕೆಂದರೆ ಅವರು ನನ್ನನ್ನು ದೇಶಪ್ರೇಮದ ತಕ್ಕಡಿಯಲ್ಲಿ ತೂಗಿದರೆಂದು ಸಿಟ್ಟಾಗಿದ್ದ ನಾನು ಮರುಕ್ಷಣವೇ ಅದೇ ತಕ್ಕಡಿಯನ್ನು ಕೈಗೆತ್ತಿಕೊಂಡಿದ್ದೆ. ನಿಜವಾದ ತಪ್ಪು ಇನ್ನೊಂದು. ಅವರು ಆ ವಾರ ಹೆದರಿದ್ದರೆಂಬುದು ನನಗೆ ಗೊತ್ತಿದ್ದದ್ದು ಅಕ್ಕ ಹೇಳಿದ್ದರಿಂದ. ರಾತ್ರಿ ಫೋನಿನಲ್ಲಿ, ಯಾರಿಗೂ ಹೇಳಬೇಡ ಎಂದು ಕೂಡ ಅನ್ನದೆ, ತಮ್ಮನಿಗೆ ಹಾಗೆ ಹೇಳಬೇಕಾಗಿಲ್ಲ ಎಂಬ ನಂಬಿಕೆಯಿಂದ ಅವಳು ಹೇಳಿಕೊಂಡದ್ದನ್ನು ನಾನು ವಾದದ ಅಸ್ತ್ರವನ್ನಾಗಿ ಮಾಡಿಕೊಂಡೆ. ಭಾವ ನನಗೆ ಉತ್ತರ ಕೊಡಲಿಲ್ಲ. ಎದ್ದು, ಮನೆಗೆ ಬಂದವರಿಗೆ ಕಾಫಿ ಬಗ್ಗಿಸಿದರು. ಅವರು ನೋಡಿದ್ದು ನನ್ನನ್ನಲ್ಲ, ಅಕ್ಕನನ್ನು. ಕಾರಿನ ತನಕ ಬಂದ ಅಕ್ಕ, “ಹೌದು, ಹೆದರಿದ್ದೆವು. ಅದನ್ನು ನಿನಗೆ ಹೇಳಿದವಳು ನಾನು” ಎಂದಷ್ಟೇ ಹೇಳಿ ಒಳಗೆ ಹೋದಳು.

ಭಾವನೊಂದಿಗೆ ಮಾತು ನಿಂತದ್ದಕ್ಕಿಂತ ಅಕ್ಕ ನನಗೆ ಏನನ್ನೂ ಹೇಳಿಕೊಳ್ಳದಂತಾದದ್ದು ದೊಡ್ಡ ನಷ್ಟ. ಹಬ್ಬಕ್ಕೆ ಕರೆಯುತ್ತಿದ್ದಳು, ಊಟಕ್ಕೆ ಬಡಿಸುತ್ತಿದ್ದಳು, ಅಮ್ಮನ ಔಷಧಿಯ ವಿಚಾರ ಕೇಳುತ್ತಿದ್ದಳು; ತನ್ನ ಮನಸ್ಸಿನ ಮಾತು ಮಾತ್ರ ನನ್ನ ತನಕ ಬರುತ್ತಿರಲಿಲ್ಲ. ನನ್ನ ವಾದ ಸರಿಯಾಗಿತ್ತೆಂಬುದು ಇದನ್ನು ಸರಿಪಡಿಸಲಿಲ್ಲ. 2005ರ ಡಿಸೆಂಬರಿನಲ್ಲಿ ಬುಷ್ ಅವರೇ ಇರಾಕಿನ ಬಗೆಗಿನ ಗುಪ್ತಚರ ಮಾಹಿತಿಯಲ್ಲಿ ಬಹಳಷ್ಟು ತಪ್ಪಾಗಿತ್ತೆಂದು ಒಪ್ಪಿಕೊಂಡರು, ಮತ್ತು ಆ ಸುದ್ದಿಯನ್ನು ಓದಿದ ದಿನ ಫೋನ್ ಮಾಡಿ ಮಾತನಾಡಲು ನನಗೆ ಯಾವ ಬಾಯಿಯೂ ಇರಲಿಲ್ಲ.

ನಿಮಗೆ ಮುಖ್ಯವಾದದ್ದು ಮುಂದಿನ ಸಂಗತಿ. 2006ರಲ್ಲಿ ಒಹಾಯೊದ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಹಾಲಿ ಸದಸ್ಯ ಮೈಕ್ ಡಿವೈನ್ ವಿರುದ್ಧ ಡೆಮಾಕ್ರಟಿಕ್ ಪಕ್ಷದ ಶೆರಡ್ ಬ್ರೌನ್ ನಿಂತರು. ಬ್ರೌನ್ 2002ರಲ್ಲಿ ಪ್ರತಿನಿಧಿ ಸಭೆಯಲ್ಲಿದ್ದಾಗ ಯುದ್ಧದ ನಿರ್ಣಯವನ್ನು ವಿರೋಧಿಸಿದ್ದ 133 ಜನರಲ್ಲಿ ಒಬ್ಬರು. ಭಾವ ಆ ಚುನಾವಣೆಯಲ್ಲಿ ಬ್ರೌನ್‌ಗೆ ಮತ ಹಾಕಿದ್ದರಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಮೈಸೂರಿನಲ್ಲಿ ಅಮ್ಮನ ವೈಕುಂಠ ಸಮಾರಾಧನೆ ಮುಗಿದು ನಾವಿಬ್ಬರೇ ಜಗುಲಿಯಲ್ಲಿ ಕುಳಿತಿದ್ದಾಗ, ಅವರೇ ಹೇಳಿದ್ದರಿಂದ. ಅವರ ಮನಸ್ಸನ್ನು ತಿರುಗಿಸಿದ್ದು ನಾನು ಗುರುತು ಹಾಕಿ ತಂದ ವರದಿಯಲ್ಲ. ಎರಡನೆಯ ಸಲ, ಮೂರನೆಯ ಸಲ ಇರಾಕಿಗೆ ಹೋಗಿಬಂದ ಹುಡುಗರನ್ನು ಅವರ ತಾಯಂದಿರು ನಿದ್ದೆ ಬರುತ್ತಿಲ್ಲವೆಂದು ಅವರ ಕ್ಲಿನಿಕ್ಕಿಗೆ ಕರೆತರುತ್ತಿದ್ದರು. 2004ರಲ್ಲಿ ಅವರು ಬುಷ್‌ಗೆ ಮತ ಹಾಕಿದ್ದು ಆ ತಾಯಂದಿರಿಗಾಗಿ, 2006ರಲ್ಲಿ ಬ್ರೌನ್‌ಗೆ ಹಾಕಿದ್ದೂ ಅವರಿಗಾಗಿಯೇ. ಗೊಂಬೆಗಳ ಮುಂದೆ ಅವರು ಆಡಿದ ಮಾತಿನಲ್ಲಿ ಇದೆಲ್ಲ ಮೊದಲೇ ಇತ್ತು, ಆ ಮಕ್ಕಳು ಯಾರು, ಹೇಗಿದ್ದಾರೆ ಎಂದು ನಾನು ಕೇಳಬೇಕಿತ್ತು ಅಷ್ಟೇ.

ಮಾತನ್ನೇ ಬಿಡಬೇಡಿ ಎನ್ನುವುದಕ್ಕೂ ನನ್ನ ಬಳಿ ಕಾರಣವಿದೆ. 2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಮತ್ತು ಬುಷ್ ನಾಗರಿಕ ಪರಮಾಣು ಸಹಕಾರದ ಹೇಳಿಕೆ ಹೊರಡಿಸಿದ ಮೇಲೆ, 2008ರ ಅಕ್ಟೋಬರಿನಲ್ಲಿ ಸೆನೆಟ್ ಅದನ್ನು 86–13 ಮತಗಳಿಂದ ಒಪ್ಪುವವರೆಗೆ, ಅಲ್ಲಿನ ಭಾರತೀಯರೆಲ್ಲ ತಮ್ಮ ಪ್ರತಿನಿಧಿಗಳಿಗೆ ಪತ್ರ ಬರೆಯುತ್ತಿದ್ದರು. ನಾವಿಬ್ಬರೂ ಒಪ್ಪುತ್ತಿದ್ದ ಏಕೈಕ ವಿದೇಶಾಂಗ ವಿಷಯ ಅದು. ಭಾವ ಒಂದು ಕಡೆ ಬರೆದರು, ನಾನು ಇನ್ನೊಂದು ಕಡೆ ಬರೆದೆ, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ರಾಜಕೀಯ ಮಾತನಾಡದ ಮನೆಯಲ್ಲಿ ಜಗಳ ಇರುವುದಿಲ್ಲ ಎಂದು ಹೇಳುವವರು ಹೀಗೆ ಕಳೆದುಹೋಗುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಚಿಕ್ಕಪ್ಪನವರಿಗೆ ಫೋನ್ ಮಾಡಿ, ಹಬ್ಬಕ್ಕೆ ಕಾಯಬೇಡಿ, ಸಂಬಂಧಿಕರು ಸೇರಿದ ಜಾಗ ಬೇಡ. ಚಿಕ್ಕಮ್ಮನಿಂದ ತಿಳಿದ ಯಾವುದನ್ನೂ ಮಾತಿನಲ್ಲಿ ತರಬೇಡಿ. ಅವರು ಮತ್ತೆ ದೇಶಪ್ರೇಮದ ಮಾತೆತ್ತಿದರೆ, ನೀವೂ ದೇಶಪ್ರೇಮಿಯೇ ಎಂದು ವಾದಿಸಲು ಹೋಗದೆ, “ಆ ಮಾತು ಬೇಡ ಚಿಕ್ಕಪ್ಪ, ಈ ನೆರವಿನ ಮಸೂದೆ ನಿಮ್ಮ ಮುಂದೆ ಬಂದಿದ್ದರೆ ನೀವು ಇದಕ್ಕೆ ಮತ ಹಾಕುತ್ತಿದ್ದಿರೇ, ಎಷ್ಟು ವರ್ಷಗಳವರೆಗೆ, ಯಾವ ಷರತ್ತಿನ ಮೇಲೆ?” ಎಂದು ಕೇಳಿ. ಅವರು ಹೇಳುವ ಷರತ್ತನ್ನು ಬರೆದಿಟ್ಟುಕೊಳ್ಳಿ, ನಿಮ್ಮದನ್ನೂ ಹೇಳಿ, ಎರಡರಲ್ಲಿ ಯಾವುದು ಯಾವ ಅಭ್ಯರ್ಥಿಗೆ ಹತ್ತಿರವಿದೆಯೆಂದು ಆಮೇಲೆ ಇಬ್ಬರೂ ಕೂಡಿ ನೋಡಿ.