ಜಾವಾ: 127ಕ್ಕೆ ಟ್ರೂ, 128ಕ್ಕೆ ಫಾಲ್ಸ್ ಏಕೆ?

ಎರಡು ಇಂಟಿಜರ್ (Integer, ಅಂದರೆ int ಸಂಖ್ಯೆಯನ್ನು ಆಬ್ಜೆಕ್ಟ್ ಆಗಿ ಸುತ್ತಿಡುವ ಕ್ಲಾಸ್) ವೇರಿಯಬಲ್‌ಗಳಲ್ಲೂ 127 ಇದ್ದರೆ == ಟ್ರೂ, 128 ಇದ್ದರೆ ಫಾಲ್ಸ್ ಏಕೆ ಎಂದು ಕೇಳಿದ್ದೀರಿ. ಇಂಟಿಜರ್ ಆಬ್ಜೆಕ್ಟ್‌ಗಳ ನಡುವೆ == ವ್ಯಾಲ್ಯೂ ನೋಡುವುದಿಲ್ಲ, ಎರಡೂ ಒಂದೇ ಆಬ್ಜೆಕ್ಟಾ ಎಂದಷ್ಟೇ ನೋಡುತ್ತದೆ. ಆಟೋಬಾಕ್ಸಿಂಗ್‌ನಲ್ಲಿ, ಅಂದರೆ ಸಾದಾ ಸಂಖ್ಯೆಯನ್ನು ಜಾವಾ ತಾನಾಗಿಯೇ ಇಂಟಿಜರ್ ಆಬ್ಜೆಕ್ಟ್ ಮಾಡುವಾಗ, -128ರಿಂದ 127ರವರೆಗಿನವು ಕ್ಯಾಶ್‌ನಿಂದ (ಮೊದಲೇ ಮಾಡಿಟ್ಟ ಆಬ್ಜೆಕ್ಟ್‌ಗಳಿಂದ) ಬರುತ್ತವೆ, ಹಾಗಾಗಿ ಎರಡೂ ಒಂದೇ ಆಬ್ಜೆಕ್ಟ್. ಅದರಾಚೆ ಸಾಮಾನ್ಯವಾಗಿ ಪ್ರತಿ ಸಲ ಹೊಸ ಆಬ್ಜೆಕ್ಟ್. ತಮಾಷೆ ಎಂದರೆ <, >, + ಇವೆಲ್ಲ ಅನ್‌ಬಾಕ್ಸ್ ಮಾಡಿಯೇ (ಆಬ್ಜೆಕ್ಟ್‌ನಿಂದ ಸಂಖ್ಯೆಯನ್ನು ಹೊರತೆಗೆದೇ) ಲೆಕ್ಕ ಹಾಕುತ್ತವೆ. ಹಾಗಾಗಿ ನಿಮ್ಮ 128ಕ್ಕೆ <= ಕೂಡ ಟ್ರೂ, >= ಕೂಡ ಟ್ರೂ, == ಮಾತ್ರ ಫಾಲ್ಸ್!

ಕಾಟ್ಲಿನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ == ಬರೆದರೆ ವ್ಯಾಲ್ಯೂ ಹೋಲಿಸುವ ಈಕ್ವಲ್ಸ್ (equals) ಮೆಥಡ್ಡೇ ಓಡುತ್ತದೆ. ಜಾವಾದಲ್ಲಿ ಆಪರೇಟರ್ ಓವರ್‌ಲೋಡ್ ಮಾಡಲು (== ನಂಥ ಚಿಹ್ನೆಗೆ ನಮ್ಮದೇ ಅರ್ಥ ಕೊಡಲು) ನಮಗೆ ಅವಕಾಶವಿಲ್ಲ, ಆದ್ದರಿಂದ ಈಕ್ವಲ್ಸ್ ಅನ್ನು ನೀವೇ ಕರೆಯಬೇಕು. ನಲ್ (null, ಅಂದರೆ ಆಬ್ಜೆಕ್ಟೇ ಇಲ್ಲದಿರುವುದು) ಬರುವ ಸಾಧ್ಯತೆ ಇದ್ದರೆ ಆಬ್ಜೆಕ್ಟ್ಸ್ (Objects) ಕ್ಲಾಸಿನ ಈಕ್ವಲ್ಸ್ ಬಳಸಿ. ಈಕ್ವಲ್ಸ್‌ನಿಂದ ಇಂಟಿಜರನ್ನು ಲಾಂಗ್ (Long, ಇನ್ನೊಂದು ಸಂಖ್ಯೆಯ ಟೈಪ್) ಆಬ್ಜೆಕ್ಟ್ ಜೊತೆ ಹೋಲಿಸಿದರೆ ಮಾತ್ರ ವ್ಯಾಲ್ಯೂ ಒಂದೇ ಇದ್ದರೂ ಫಾಲ್ಸೇ ಬರುತ್ತದೆ.