ಪರವೂರಿನ ಒಲೆಯಲ್ಲಿ ಮನೆಯೂಟ

ರಜೆಯ ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೋಂಸ್ಟೇ ಮತ್ತು ದಿನಬಾಡಿಗೆ ಮನೆಗಳ ಅಡುಗೆಯನ್ನು ಕುರಿತ ಪ್ರಶ್ನೆಗಳು ಹೆಚ್ಚಾಗುತ್ತವೆ. ನಾನು ದಾವಣಗೆರೆಯವಳಾದುದರಿಂದ, ದಾವಣಗೆರೆ ಮತ್ತು ಚಿತ್ರದುರ್ಗಗಳಿಗೆ ಬರುವವರು ಕೇಳಿದ ಪ್ರಶ್ನೆಗಳನ್ನೇ ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಐದು ಮಂದಿ ಚಿತ್ರದುರ್ಗದಲ್ಲಿ ಮೂರು ದಿನ ತಂಗಲು ಅಡುಗೆಮನೆ ಇರುವ ಮನೆಯೊಂದನ್ನು ಗೊತ್ತುಮಾಡಿದ್ದೇವೆ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದು, ಹೋಟೆಲ್ ಊಟ ಒಗ್ಗುವುದಿಲ್ಲ. ಮೂರು ಹೊತ್ತೂ ಅಲ್ಲಿಯೇ ಅಡುಗೆ ಮಾಡಬಹುದೇ? ಏನೇನು ಒಯ್ಯಬೇಕು?
(ಓದುಗರು, ಮೈಸೂರು)

ಉತ್ತರ: ಮೂರು ಹೊತ್ತೂ ಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ಒಂದು ಹೊತ್ತು ಪೂರ್ಣ ಅಡುಗೆ, ಒಂದು ಹೊತ್ತು ಹತ್ತು ನಿಮಿಷದ ತಿಂಡಿ, ಇನ್ನೊಂದು ಹೊತ್ತು ಒಲೆ ಹಚ್ಚದೆ ಮುಗಿಯುವ ಊಟ, ಇಷ್ಟಕ್ಕೆ ನಿಲ್ಲಿಸಿದರೆ ನೀವೂ ಎಲ್ಲರೊಂದಿಗೆ ಊರು ನೋಡಬಹುದು. ಪತ್ರ ಬರೆದವರೇ ದಿನವಿಡೀ ಪಾತ್ರೆ ತೊಳೆಯುತ್ತ ಉಳಿಯುವುದು ಸರಿಯಲ್ಲ.

ಏಳುಸುತ್ತಿನ ಕೋಟೆಯನ್ನು ಬಂಡೆಗಳು ಕಾಯುವ ಮೊದಲೇ ಹತ್ತಬೇಕು. ಓಬವ್ವನ ಕಿಂಡಿ, ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ ಎಲ್ಲವನ್ನೂ ನೋಡಿ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಆದ್ದರಿಂದ ಬೆಳಗಿನ ತಿಂಡಿ ಬೇಗ ಆಗಬೇಕು, ಹೊಟ್ಟೆಯಲ್ಲಿ ನಿಲ್ಲಬೇಕು, ಒಂದೇ ಬಾಣಲೆಯಲ್ಲಿ ಮುಗಿಯಬೇಕು. ಅದಕ್ಕೆ ನಮ್ಮ ಕಡೆಯ ಮಂಡಕ್ಕಿ ಒಗ್ಗರಣೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತಲೆಗೆ ಮೂರು ಬೊಗಸೆಯಂತೆ ಮಂಡಕ್ಕಿಯನ್ನು ಅಗಲವಾದ ಪಾತ್ರೆಯ ನೀರಿಗೆ ಸುರಿದು, ಕೈಯಿಂದ ಒಮ್ಮೆ ಅದುಮಿ ಮುಳುಗಿಸಿ, ತಡಮಾಡದೆ ಹಿಡಿಹಿಡಿಯಾಗಿ ಹಿಂಡಿ ತೆಗೆಯಬೇಕು. ನೀರಿನಲ್ಲಿ ಬಿಟ್ಟು ಮಾತಿಗೆ ನಿಂತರೆ ಅದು ಮುದ್ದೆಯಾಗಿಬಿಡುತ್ತದೆ. ಎಣ್ಣೆಯಲ್ಲಿ ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಸಿನ, ಕೊನೆಗೆ ಒಂದು ಟೊಮೆಟೊ ಬಾಡಿಸಿ, ಒಲೆ ಆರಿಸಿದ ಮೇಲೆ ಮಂಡಕ್ಕಿ ಹಾಕಿ ಕಲಸಿರಿ. ಮೇಲೆ ಎರಡು ಚಮಚ ಹುರಿಗಡಲೆ ಪುಡಿ ಉದುರಿಸಿದರೆ ಉಳಿದ ನೀರನ್ನೆಲ್ಲ ಅದೇ ಹೀರಿಕೊಂಡು ಕಾಳು ಕಾಳು ಬಿಡಿಯಾಗುತ್ತದೆ. ಮಂಡಕ್ಕಿಯಲ್ಲಿಯೇ ಉಪ್ಪು ಇರುವುದರಿಂದ, ರುಚಿ ನೋಡಿದ ನಂತರವೇ ಉಪ್ಪು ಹಾಕಿ.

ಆದರೆ ಅತ್ತೆಯವರಿಗೆ ಇದನ್ನೇ ಬಡಿಸಬೇಡಿ. ಮಂಡಕ್ಕಿ ಎಂದರೆ ಅರಳಿಸಿದ ಅಕ್ಕಿಯೇ; ಅದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅವರಿಗಾಗಿ ಕಡಕ್ ಜೋಳದ ರೊಟ್ಟಿಯನ್ನು ಒಯ್ಯಿರಿ, ಅಥವಾ ಇಲ್ಲಿಗೆ ಬಂದ ಮೇಲೆ ಕೊಳ್ಳಿರಿ. ಶೇಂಗಾ ಚಟ್ನಿಪುಡಿ, ಮೊಸರು, ನೆನೆಸಿದ ಹೆಸರುಬೇಳೆಯ ಕೋಸಂಬರಿ ಜೊತೆಗಿದ್ದರೆ ಅದೇ ಒಲೆ ಹಚ್ಚದ ಊಟವೂ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಹೊತ್ತು. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ತಟ್ಟನೆ ಕುಸಿಯಬಹುದು. ಕೋಟೆ ಹತ್ತುವಾಗ ಅವರ ಚೀಲದಲ್ಲಿ ಎರಡು ರೊಟ್ಟಿ, ಸ್ವಲ್ಪ ಗ್ಲುಕೋಸ್ ಪುಡಿ ಇರಲಿ. ಕೋಟೆಯಲ್ಲಿ ಕೋತಿಗಳಿವೆ, ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಡೆಯಬೇಡಿ.

ರಾತ್ರಿಗೆ ಬಿಸಿ ಅನ್ನ, ಒಂದು ಸಾರು, ಒಂದು ಪಲ್ಯ ಸಾಕು. ಮುದ್ದೆ ಮಾಡುವ ಆಸೆಯಿದ್ದರೆ ದಪ್ಪ ತಳದ ಪಾತ್ರೆ ಇದೆಯೇ ಎಂದು ಮೊದಲು ವಿಚಾರಿಸಿ. ತೆಳು ತಳದ ನಾನ್‌ಸ್ಟಿಕ್ ಬಾಣಲೆಯಲ್ಲಿ ಐದು ಮಂದಿಗೆ ಮುದ್ದೆ ತಿರುವಲು ಬರುವುದಿಲ್ಲ.

ಒಯ್ಯಬೇಕಾದುದು ಹೆಚ್ಚೇನಿಲ್ಲ: ನಿಮ್ಮ ಕೈಗೆ ಪಳಗಿದ ಒಂದು ಹರಿತವಾದ ಚಾಕು, ಒಗ್ಗರಣೆ ಡಬ್ಬಿ, ಸಾರಿನ ಪುಡಿ, ಎರಡು ಮಸಿಬಟ್ಟೆ, ಚಹಾ ಸೋಸುವ ಜಾಲರಿ, ಲೈಟರ್. ಅಕ್ಕಿ, ತರಕಾರಿ, ಎಣ್ಣೆಗಳನ್ನು ಹೊತ್ತು ತರಬೇಡಿ. ಪಕ್ಕದ ಚಳ್ಳಕೆರೆಯನ್ನು ಎಣ್ಣೆಯ ಊರೆಂದೇ ಕರೆಯುತ್ತಾರೆ. ಶೇಂಗಾ ಎಣ್ಣೆಯ ಸೀಮೆಗೆ ಬಂದು ಮನೆಯ ಪ್ಯಾಕೆಟ್ಟನ್ನು ಒಡೆಯುವುದೇಕೆ?

ಪ್ರಶ್ನೆ: ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ ನೋಡಲು ಹೋದಾಗ ಬಾಡಿಗೆ ಮನೆಯೊಂದರಲ್ಲಿ ಎರಡು ದಿನ ಅಡುಗೆ ಮಾಡಿದೆವು. ಕುಕ್ಕರ್ ಎಂಟು ಸಲ ಕೂಗಿದರೂ ತೊಗರಿಬೇಳೆ ಬೇಯಲಿಲ್ಲ. ಊರು ಎತ್ತರದಲ್ಲಿರುವುದು ಕಾರಣವೇ?
(ಓದುಗರು, ಮಂಗಳೂರು)

ಉತ್ತರ: ಎತ್ತರ ಕಾರಣವಲ್ಲ. ಚಿತ್ರದುರ್ಗ ನಗರವೇ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ನೀರು ಕುದಿಯುವ ಉಷ್ಣತೆ ಎರಡೂವರೆ ಡಿಗ್ರಿಯಷ್ಟು ಮಾತ್ರ ತಗ್ಗುತ್ತದೆ. ಒಳಗಿನ ಒತ್ತಡದಿಂದ ಉಷ್ಣತೆಯನ್ನು 120 ಡಿಗ್ರಿಯ ಆಸುಪಾಸಿಗೆ ಏರಿಸುವ ಕುಕ್ಕರಿಗೆ ಅದೊಂದು ಲೆಕ್ಕವೇ ಅಲ್ಲ. ಕಾರಣ ನೀರು. ಈ ಬಯಲುಸೀಮೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳು ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನಷ್ಟು ಬಿಗಿಮಾಡುತ್ತವೆ. ಆಗ ಬೇಳೆ ಎಷ್ಟು ಹೊತ್ತು ಕುದಿದರೂ ಒಡೆದು ಕರಗುವುದಿಲ್ಲ. ನೀವು ನೋಡಿರುತ್ತೀರಿ: ಮುಚ್ಚಳ ತೆಗೆದರೆ ಕಾಳುಗಳು ಅಂಚೂ ಸವೆಯದೆ ತಳದಲ್ಲಿ ಕುಳಿತಿರುತ್ತವೆ, ಮೇಲೆ ತಿಳಿಹಳದಿ ನೀರು ಬೇರೆಯಾಗಿ ನಿಂತಿರುತ್ತದೆ. ಅದೇ ನೀರಿನಲ್ಲಿ ಚಹಾ ಕಾಸಿದರೆ ಮೇಲೊಂದು ತೆಳುವಾದ ಪೊರೆ ಕಟ್ಟುತ್ತದೆ; ಸಾಬೂನು ನೊರೆ ಬಿಡುವುದಿಲ್ಲ. ಈ ಎರಡು ಗುರುತುಗಳನ್ನು ಮನೆಗೆ ಕಾಲಿಟ್ಟ ದಿನವೇ ನೋಡಿಕೊಳ್ಳಬಹುದು.

ಉಪಾಯ ಸುಲಭ. ತೊಳೆಯುವುದಕ್ಕೆ ನಲ್ಲಿಯ ನೀರನ್ನು ಬಳಸಿ, ಬೇಳೆ ನೆನೆಸುವುದಕ್ಕೆ ಮತ್ತು ಬೇಯಿಸುವುದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತುಂಬಿಸಿ ತಂದ 20 ಲೀಟರಿನ ಕ್ಯಾನ್ ನೀರನ್ನು ಬಳಸಿ. ಒಂದು ಗಂಟೆ ನೆನೆದ ಬೇಳೆ ಆ ನೀರಿನಲ್ಲಿ ಎಂದಿನಂತೆ ಬೇಯುತ್ತದೆ. ಹುಣಸೆಹುಳಿ, ಟೊಮೆಟೊ ಎರಡನ್ನೂ ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿಯಲ್ಲಿ ಬೇಳೆ ಬೇಯುವುದು ಇನ್ನೂ ನಿಧಾನ. ಚಿಟಿಕೆ ಅಡುಗೆಸೋಡ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಅದರಿಂದ ಬಿ1 ಜೀವಸತ್ವ ನಷ್ಟವಾಗುತ್ತದೆ; ಪ್ರವಾಸದಲ್ಲಿ ಒಂದೆರಡು ದಿನಕ್ಕೆ ಅಡ್ಡಿಯಿಲ್ಲ, ರೂಢಿಯಾಗಬಾರದು. ಏನೂ ಬೇಡವೆಂದರೆ ತೊಗರಿಯನ್ನು ಬಿಟ್ಟು ಹೆಸರುಬೇಳೆಗೆ ಬದಲಾಯಿಸಿ. ಪರವೂರಿಗೆ ಹೋಗುವಾಗ ನಾನು ಒಯ್ಯುವುದು ಅದೊಂದೇ ಬೇಳೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಎರಡು ದಿನದ ಅತಿಥಿಗೆ ಇದರಿಂದ ಹಾನಿಯಿಲ್ಲ, ಆದರೆ ಈ ಊರುಗಳಲ್ಲಿ ವರ್ಷಗಟ್ಟಲೆ ಅದನ್ನೇ ಕುಡಿದವರ ಹಲ್ಲು, ಮೂಳೆಗಳ ಕಷ್ಟವನ್ನು ಹತ್ತಿರದಿಂದ ಬಲ್ಲವಳಾಗಿ, ಮಕ್ಕಳಿರುವ ಮನೆಯವರು ಕ್ಯಾನ್ ನೀರನ್ನೇ ಕುಡಿಯಿರಿ ಎನ್ನುತ್ತೇನೆ.

ಪ್ರಶ್ನೆ: ಬಾಡಿಗೆ ಮನೆಯಲ್ಲಿ ಗ್ಯಾಸ್ ಇಲ್ಲ, ಇಂಡಕ್ಷನ್ ಒಲೆ ಮಾತ್ರ ಇದೆ ಎಂದು ಹೇಳಿದ್ದಾರೆ. ನಮ್ಮ ಅಲ್ಯೂಮಿನಿಯಂ ಕುಕ್ಕರನ್ನು ಒಯ್ದರೆ ಕೆಲಸಕ್ಕೆ ಬರುತ್ತದೆಯೇ?
(ಓದುಗರು, ಹಾಸನ)

ಉತ್ತರ: ತಳದಲ್ಲಿ ಇಂಡಕ್ಷನ್‌ಗೆಂದೇ ಕೂಡಿಸಿದ ಉಕ್ಕಿನ ಪದರ ಇಲ್ಲದಿದ್ದರೆ ಬರುವುದಿಲ್ಲ. ಫ್ರಿಜ್ ಬಾಗಿಲಿನ ಅಯಸ್ಕಾಂತವನ್ನು ತಂದು ಪಾತ್ರೆಯ ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಒಯ್ಯಿರಿ, ಜಾರಿದರೆ ಬಿಡಿ. ಸ್ಟೀಲ್ ಪಾತ್ರೆಗಳಲ್ಲಿಯೂ ಕೆಲವು ಕಚ್ಚುವುದಿಲ್ಲ. 2000 ವಾಟಿನ ಒಲೆ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ, ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ ಪೆಟ್ಟಿಗೆಗೂ ಅದನ್ನು ಸಿಕ್ಕಿಸಲೇಬಾರದು. ಅಡುಗೆಕಟ್ಟೆಯ ಬಳಿ 16 ಆಂಪಿಯರಿನ ಸಾಕೆಟ್ ಇದೆಯೇ ಎಂದು ಫೋನಿನಲ್ಲಿಯೇ ಕೇಳಿ.

ಕುಕ್ಕರಿನ ಮಾತು ಬಂದುದರಿಂದ ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೋಟೆ ನೋಡಲು ಬಂದ ನೆಂಟರ ಜೊತೆ ಚಿತ್ರದುರ್ಗದ ಒಂದು ಬಾಡಿಗೆ ಮನೆಯಲ್ಲಿ ತಂಗಿದ್ದೆ. ಕುಕ್ಕರ್ ಹೊಸದರಂತೆ ಹೊಳೆಯುತ್ತಿತ್ತು. ಒಲೆಯ ಮೇಲಿಟ್ಟ ಹತ್ತು ನಿಮಿಷಕ್ಕೆ ಹಿಡಿಯ ಪಕ್ಕದಿಂದ ಸುಂಯ್ ಎಂದು ಹಬೆ ಹೊರಟು, ಅದರ ಹಿಂದೆಯೇ ಬೇಳೆಯ ನೊರೆ ಮುಚ್ಚಳದ ಅಂಚಿನುದ್ದಕ್ಕೂ ಇಳಿದು ಒಲೆಗೆ ಬಿತ್ತು. ಕೂಗು ಬರಲೇ ಇಲ್ಲ. ತೆಗೆದು ನೋಡಿದರೆ ಗ್ಯಾಸ್ಕೆಟ್ ಎರಡು ಕಡೆ ಸೀಳಿತ್ತು. ಬರೀ ಸಡಿಲವಾದ ಗ್ಯಾಸ್ಕೆಟ್ಟನ್ನು ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಅದು ಬಿಗಿದುಕೊಂಡು ಒಂದು ಹೊತ್ತಿಗೆ ಒದಗುತ್ತದೆ, ಸೀಳಿದ್ದು ಒದಗುವುದಿಲ್ಲ. ಮಕ್ಕಳು ಹಸಿದು ಕುಳಿತಿದ್ದರು. ಬೇಳೆಯನ್ನು ತಪ್ಪಲೆಗೆ ಬಗ್ಗಿಸಿ, ತಟ್ಟೆ ಮುಚ್ಚಿ, ಒಂದೂಕಾಲು ಗಂಟೆ ಕಾದೆ. ಅಂದಿನಿಂದ, ಕುಕ್ಕರ್ ಇರುವ ಮನೆಯಲ್ಲಿ ಮೊದಲು ಅದರೊಳಗೆ ಎರಡು ಲೋಟ ನೀರು ಹಾಕಿ ಒಂದು ಕೂಗು ಕೂಗಿಸಿ ನೋಡಿದ ಮೇಲೆಯೇ ಅಕ್ಕಿ ತೊಳೆಯುತ್ತೇನೆ.

ಪ್ರಶ್ನೆ: ಅಡುಗೆಮನೆಯ ಬಾಗಿಲು ತೆರೆದೊಡನೆ ಗ್ಯಾಸಿನ ವಾಸನೆ ಬಂದರೆ ಏನು ಮಾಡಬೇಕು?
(ಓದುಗರು, ಬೆಂಗಳೂರು)

ಉತ್ತರ: ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ದೀಪ ಹಾಕುವುದಷ್ಟೇ ಅಲ್ಲ, ಉರಿಯುತ್ತಿರುವ ದೀಪವನ್ನು ಆರಿಸುವುದೂ ಅಪಾಯ. ಫ್ಯಾನ್ ಹಾಕಿ ವಾಸನೆ ಓಡಿಸುತ್ತೇನೆ ಎನ್ನುವುದು ಅದಕ್ಕಿಂತ ಅಪಾಯ. ಮಕ್ಕಳನ್ನು, ಹಿರಿಯರನ್ನು ಹೊರಗೆ ಕಳುಹಿಸಿ, ರೆಗ್ಯುಲೇಟರನ್ನು ತಿರುಗಿಸಿ ಬಂದ್ ಮಾಡಿ, ಬಾಗಿಲು ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. ಮೇಲಿನ ಕಿಟಕಿಯೊಂದನ್ನು ತೆರೆದರೆ ಸಾಲದು, ಬಾಗಿಲು ತೆರೆದಿರಲೇಬೇಕು. ಹೊರಗೆ ಬಂದ ಮೇಲೆ ಮನೆಯ ಮಾಲೀಕರಿಗೂ, ಅನಿಲ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೂ ಫೋನ್ ಮಾಡಿ.

ವಾಸನೆ ಇಲ್ಲದಿದ್ದರೂ ಹೋದ ದಿನ ಒಮ್ಮೆ ಬಗ್ಗಿ ಕೊಳವೆಯನ್ನು ನೋಡಿ. ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಬಿರಿದಿದ್ದರೆ, ಗಡುಸಾಗಿದ್ದರೆ, ಆ ಒಲೆಯನ್ನು ಹಚ್ಚದೆ ಬೇರೆ ವ್ಯವಸ್ಥೆ ಕೇಳಲು ನಿಮಗೆ ಹಕ್ಕಿದೆ. ಸಂಕೋಚ ಬೇಡ.

ಪ್ರಶ್ನೆ: ದಾವಣಗೆರೆಗೆ ಬಂದು ಬಾಡಿಗೆ ಮನೆಯಲ್ಲಿ ಬೆಣ್ಣೆದೋಸೆ ಮಾಡಿಕೊಳ್ಳಬಹುದೇ?
(ಓದುಗರು, ಉಡುಪಿ)

ಉತ್ತರ: ಬೇಡ. ಸೌದೆಯ ಉರಿಯಲ್ಲಿ ಕಾದ ದಪ್ಪ ಕಬ್ಬಿಣದ ಹಂಚು ಅದಕ್ಕೆ ಬೇಕು. ಆ ಹೊತ್ತಿನ ತಿಂಡಿಯನ್ನು ಹೊರಗೇ ತಿನ್ನಿ.

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಬಹುದೇ? ನಾವಿದ್ದ ಮನೆಯಲ್ಲಿ ಫ್ರಿಜ್ ಇರಲಿಲ್ಲ.
(ಓದುಗರು, ಶಿವಮೊಗ್ಗ)

ಉತ್ತರ: ಬೇಸಿಗೆಯಲ್ಲಿ ಮಾಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ನಂಜು, ಮರುದಿನ ಒಗ್ಗರಣೆಯಲ್ಲಿ ಎಷ್ಟು ಹುರಿದರೂ ನಾಶವಾಗುವುದಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ಹೊರಗಿದ್ದ ಅನ್ನವನ್ನು ಮಕ್ಕಳಿಗೆ ಕೊಡಲೇಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಅಕ್ಕಿಯನ್ನು ಕೈ ಬಿಗಿಹಿಡಿದು ಅಳೆಯಿರಿ. ಕಡಿಮೆ ಬಿದ್ದರೆ ರೊಟ್ಟಿ ಇದ್ದೇ ಇದೆ.

ಪ್ರಶ್ನೆ: ನಮ್ಮ ಮನೆಯ ಮೇಲಂತಸ್ತನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಅಡುಗೆಮನೆಯಲ್ಲಿ ಏನೇನು ಇಡಬೇಕು?
(ಓದುಗರು, ದಾವಣಗೆರೆ)

ಉತ್ತರ: ಈ ಪ್ರಶ್ನೆ ಬಂದುದು ನನಗೆ ಬಹಳ ಸಂತೋಷ ತಂದಿದೆ. ಹೆಚ್ಚಿನವರು ಆರು ಚಂದದ ಕಪ್ಪುಗಳನ್ನು ಜೋಡಿಸಿಟ್ಟು, ಹೆಚ್ಚಲು ಬಾರದ ಚಾಕುವನ್ನು ಇಟ್ಟಿರುತ್ತಾರೆ. ನೀವು ಪಾತ್ರೆಗಳ ಸಂಖ್ಯೆ ಕಡಿಮೆ ಮಾಡಿ, ಇದ್ದುದು ಗಟ್ಟಿಯಾಗಿರುವಂತೆ ನೋಡಿಕೊಳ್ಳಿ: ಒಂದು ದಪ್ಪ ತಳದ ತಪ್ಪಲೆ, ಒಂದು ಬಾಣಲೆ, ಒಂದು ಕಬ್ಬಿಣದ ಹಂಚು, ಮೂರು ಲೀಟರಿನ ಕುಕ್ಕರ್, ಅದರ ಜೊತೆ ಪೊಟ್ಟಣ ಒಡೆಯದ ಒಂದು ಗ್ಯಾಸ್ಕೆಟ್, ಇಕ್ಕಳ, ಅಗಲವಾದ ತಟ್ಟೆಗಳು. ಕೊಳವೆ ಬದಲಿಸಿದ ದಿನಾಂಕವನ್ನು ಬರೆದು ಒಲೆಯ ಪಕ್ಕ ಅಂಟಿಸಿ. ಮಾಂಸ ಬೇಯಿಸಬಹುದೋ ಇಲ್ಲವೋ ಎಂಬುದನ್ನು ಅತಿಥಿಗಳು ಮುಂಗಡ ಕೊಡುವ ಮೊದಲೇ ಸ್ಪಷ್ಟವಾಗಿ ತಿಳಿಸಿ. ಬಾಗಿಲಲ್ಲಿ ಚೀಲ ಇಳಿಸಿದ ಮೇಲೆ ಹೇಳಿದರೆ ಇಬ್ಬರ ಮನಸ್ಸೂ ಕೆಡುತ್ತದೆ. ಸಾಧ್ಯವಿದ್ದರೆ ಬಂದವರಿಗಾಗಿ ಕಟ್ಟೆಯ ಮೇಲೆ ಒಂದು ಕ್ಯಾನ್ ಕುಡಿಯುವ ನೀರು, ಒಂದು ಪೊಟ್ಟಣ ಮಂಡಕ್ಕಿ, ನಾಲ್ಕು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು ಇಟ್ಟಿರಿ. ರಾತ್ರಿ ಹತ್ತಕ್ಕೆ ಬಸ್ಸಿಳಿದು ಬರುವವರಿಗೆ ಆ ಹೊತ್ತಿನಲ್ಲಿ ಯಾವ ಅಂಗಡಿಯೂ ತೆರೆದಿರುವುದಿಲ್ಲ.